ಹುಣಸಿಹಣ್ಣಿನ ಬಟ್ಟಲ ಕೆಳಗಿಡ್ರಿ ವೈನಿ

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೇ ಮನೆ. ಯುಗಾದಿಗೆ ಇನ್ನು ಹದಿನೈದೇ ದಿನ. ಅಟ್ಟದಿಂದ ಇಳಿದ ಸಾಮಾನೆಲ್ಲ ಪಡಸಾಲೆಯ ಫರ್ಸಿ ಮೇಲೆ ರಾಶಿ ಬಿದ್ದಿದೆ: ತಾಮ್ರದ ಹಂಡೆ, ಹಿತ್ತಾಳೆ ಕೊಡ ಎರಡು, ಕುಸಿದ ಬೆತ್ತದ ಕುರ್ಚಿ, ಕಬ್ಬಿಣದ ಟ್ರಂಕು, ಗಾಜಿಗೆ ಅಂಟಿದ ಫೋಟೊ, ಒಂದು ಗಂಟು ಹಳೇ ಸೀರೆ, ಕಪ್ಪಗಿನ ಒಂದು ಪಾನದಾನಿ. ರಾಶಿಯ ಸುತ್ತ ಐದು ಜನ. ಕೆಲಸ ಮಾಡುವ ಮನಸ್ಸು ಒಬ್ಬರಿಗೂ ಇಲ್ಲ, ಅಭಿಪ್ರಾಯ ಮಾತ್ರ ಐವರಿಗೂ ಇದೆ. ಸುಸಲಾ, ಮಿರ್ಚಿ ಬಂದ ಮೇಲಂತೂ ಆ ಅಭಿಪ್ರಾಯಗಳಿಗೆ ರೆಕ್ಕೆಯೇ ಬಂತು.

"ಇದೆಲ್ಲಾ ಭಂಗಾರದಾಂವಗ ಹಾಕಿ ಒಂದು ಛಂದನ ಶೋಕೇಸ್ ತಗೊಂಡ್ರಾತು," ಅಂದರು ವೈನಿ. ಭಂಗಾರ ಅಂದರೆ ಈ ಕಡೆ ಗುಜರಿ.

"ವೈನಿ, ಹೊಟ್ಟಿ ಸೀಳಿದ್ರ ಭಂಗಾರ, ಸೀಳದಿದ್ರ ಬಂಗಾರ. ವ್ಯತ್ಯಾಸ ಅಷ್ಟೇ," ಅಂದರು ಮಾಸ್ತರು. ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ಅಕ್ಷರದ ಹೊಟ್ಟೆ ಕಂಡರೆ ಇನ್ನೂ ಕೈ ತುರಿಸುತ್ತದೆ.

ಬೆಂಗಳೂರಿಂದ ಬಂದ ತಮ್ಮ ಮೊಬೈಲ್ ಹಿಡಿದ. "ಇದಕ್ಕ ಅಲ್ಲಿ ವಿಂಟೇಜ್ ಅಂತಾರ."

"ಇಲ್ಲಿ ಅಡಚಣಿ ಅಂತಾರ," ಅಂದಳು ಆಯಿ, ಮಿರ್ಚಿಯ ತೊಟ್ಟು ತೆಗೆಯುತ್ತ.

ಮಾತು ಮುಗಿಯುವಷ್ಟರಲ್ಲಿ ವೈನಿ ಒಳಗೆ ಹೋಗಿ ಒಂದು ಬಟ್ಟಲು ಹುಣಸೆಹಣ್ಣು ನೆನೆಹಾಕಿ ತಂದಿದ್ದರು. ಸ್ವಚ್ಛ ಮಾಡುವುದೆಂದರೆ ಹುಣಸಿ ಹಚ್ಚುವುದು, ಹುಣಸಿ ಹಚ್ಚಿದರೆ ಎಲ್ಲವೂ ಸ್ವಚ್ಛ. ಅವರ ಸಿದ್ಧಾಂತ ಸರಳ.

"ಮೊದಲು ಯಾವುದು ಹಿತ್ತಾಳಿ ಅಂತ ನೋಡ್ರಿ," ಅಂದ ಬಡಿಗೇರ್ ಮಾಮಾ. "ಫ್ರಿಜ್ ಮ್ಯಾಲಿನ ಅಯಸ್ಕಾಂತ ತಾ ತಮ್ಯಾ. ಹಿಡಕೊಂಡ್ರ ಒಳಗ ಕಬ್ಬಿಣ, ಮ್ಯಾಲ ಹಿತ್ತಾಳಿ ಬಣ್ಣ. ಹಿಡಿಲಿಲ್ಲಂದ್ರೂ ನಂಬಬ್ಯಾಡ, ಅಲ್ಯುಮಿನಿಯಮ್ಮೂ ಹಿಡಿಯಂಗಿಲ್ಲ. ಕೈಯಾಗ ತೂಗಿ ನೋಡು. ತಳದಾಗ ಯಾರಿಗೂ ಕಾಣದ ಕಡಿ ಒಂದು ಗೀರು ಎಳಿ. ಗೀರಿನ ಒಳಗೂ ಹಳದಿ ಇದ್ರ ಖರೇ ಮಾಲು."

"ಜರ್ಮನ್ ಇರಬೇಕು ಆ ಬೋಗುಣಿ," ಆಯಿ ಅಂದಳು. ಆಯಿಯ ಲೆಕ್ಕದಲ್ಲಿ ಅಲ್ಯುಮಿನಿಯಂ ಅಂದರೆ ಜರ್ಮನ್. ಜರ್ಮನ್ ಸಿಲ್ವರ್ ಅಂತ ಅಂಗಡಿಯವರು ಮಾರುವುದು ಬೇರೆ, ಅದು ತಾಮ್ರ, ಸತು, ನಿಕ್ಕಲ್ಲಿನ ಮಿಶ್ರಣ. ಅದರಲ್ಲಿ ಸಿಲ್ವರ್ ಗುಂಜಿಯಷ್ಟೂ ಇರುವುದಿಲ್ಲ. ಹೆಸರಿಟ್ಟವನ ಧೈರ್ಯ ಮೆಚ್ಚಬೇಕು.

ಕೊಡ ಖರೇ ಹಿತ್ತಾಳೆ ಅಂತಾಯಿತು. ವೈನಿಗೆ ಹುರುಪು. "ಹಂಗಾದ್ರ ರಾತ್ರಿಪೂರಾ ಹುಣಸಿನೀರಾಗ ಮುಳುಗಿಸಿ ಇಡ್ತೀನಿ."

"ಇಟ್ರ ಮುಂಜಾನಿ ಗುಲಾಬಿ ಕೊಡ ಸಿಗ್ತದ," ಮಾಸ್ತರು ಅಂದರು. "ಹಿತ್ತಾಳಿ ಅಂದ್ರ ತಾಮ್ರ ಮತ್ತ ಸತು. ಹುಳಿ ಮೊದಲು ತಿನ್ನೋದು ಸತು. ಭಾಳ ಹೊತ್ತು ಬಿಟ್ರ ಮ್ಯಾಲ ತಾಮ್ರನೇ ಉಳದು ಮೈ ಕೆಂಪಗಾಗ್ತದ. ನಿಂಬಿಹಣ್ಣಿನಷ್ಟು ಹುಣಸಿ, ಅರ್ಧ ಬಟ್ಟಲು ನೀರು, ಒಂದು ಚಮಚಾ ಉಪ್ಪು. ಎರಡು ನಿಮಿಷ ತಿಕ್ಕ್ರಿ, ತೊಳೀರಿ, ಒಂದು ಚಿಟಿಕಿ ಸೋಡಾ ಹಚ್ಚಿ ಹುಳಿ ಸಾಯಿಸ್ರಿ, ಮತ್ತ ತೊಳೀರಿ. ತೊಳದ ಗಳಿಗಿನೇ ಒಣಾ ಅರಿವೀಲೆ ಒರಸ್ರಿ. ನಮ್ಮ ಬೋರಿನ ನೀರು ಹನಿಹನಿ ಹಂಗೇ ಆರಿದ್ರ ಬಿಳೀ ಚುಕ್ಕಿ ಬೀಳ್ತಾವ. ಆಮ್ಯಾಲ ಹುಣಸಿ ತಪ್ಪಾತೋ ಕೊಡ ತಪ್ಪಾತೋ ಅಂತ ಪಂಚಾಯ್ತಿ."

"ಇನ್ನೊಂದು," ಮಾಮಾ ಸೇರಿಸಿದ, "ಅಂಗಡಿಯಿಂದ ತಂದ ಹೊಸ ಹಿತ್ತಾಳಿಗೆ ಮ್ಯಾಲ ಲ್ಯಾಕರ್ ಹೊಡದಿರ್ತಾರ. ಅದಕ್ಕ ಹುಣಸಿ ಹತ್ತಂಗಿಲ್ಲ. ಲ್ಯಾಕರ್ ಕಿತ್ತಲ್ಲಿ ಹೊಳೀತದ, ಇದ್ದಲ್ಲಿ ಮಂಕು. ತೊನ್ನು ಹತ್ತಿದಂಗ ಕಾಣ್ತದ."

ಅಷ್ಟರಲ್ಲಿ ಬಟ್ಟಲಿನಿಂದ ಎರಡು ಹನಿ ನೆಲಕ್ಕೆ ಬಿತ್ತು.

"ಒರಸ್ರಿ, ಒರಸ್ರಿ!" ಮಾಸ್ತರು ಕೂಗಿದ ರೀತಿಗೆ ಆಯಿಯ ಕೈಯ ಮಿರ್ಚಿಯೂ ಬಿತ್ತು. "ಶಹಾಬಾದ್ ಫರ್ಸಿ ಅಂದ್ರ ಸುಣ್ಣದಕಲ್ಲು. ಹುಳಿ ಬಿದ್ದಲ್ಲಿ ಕಲ್ಲು ತಿಂದು ಬಿಳೀ ಕಲಿ ಉಳೀತದ. ಅದು ಕಲಿ ಅಲ್ಲ, ಗಾಯ. ಮತ್ತ ಪಾಲಿಶ್ ಮಾಡಿಸಿದ್ರಷ್ಟೇ ಹೋಗ್ತದ." ಬಾತ್‌ರೂಮಿನ ಆಸಿಡ್ ಹಾಕಿ ಫರ್ಸಿ ತೊಳೆಯುವ ಮನೆಗಳಲ್ಲಿ ನೆಲ ವರ್ಷದಿಂದ ವರ್ಷಕ್ಕೆ ಒರಟಾಗುವುದೂ, ಒರಟಾದಷ್ಟು ಹೊಲಸು ಹಿಡಿಯುವುದೂ, ಹಿಡಿದಷ್ಟು ಮತ್ತೆ ಆಸಿಡ್ ಸುರಿಯುವುದೂ ಇದೇ ಕಾರಣಕ್ಕೆ. ಸಾದಾ ನೀರು, ಒಂದು ಹನಿ ಸಾಬೂನು ಸಾಕು.

ತಾಮ್ರದ ಹಂಡೆಯಲ್ಲಿ ಗಿಡ ನೆಡುವುದು ತಮ್ಮನ ಯೋಜನೆ. ಮೊಬೈಲಿನಲ್ಲಿ ಫೋಟೊ ಇತ್ತು, ಡ್ರಿಲ್ ಮಷಿನ್ನೂ ತಂದಿದ್ದ.

"ತೂತು ಹಾಕಿದ್ರ ಹಂಡೆ ಹೋಗಿ ಜರಡಿ ಆತು," ಮಾಮಾ ಡ್ರಿಲ್ ಕಸಿದುಕೊಂಡ. "ಪ್ಲಾಸ್ಟಿಕ್ ಕುಂಡ್ಯಾಗ ಗಿಡ ಇಡು. ಹಂಡೆ ತಳಕ್ಕ ಇಟ್ಟಂಗಿ ತುಂಡು ಎರಡಿಟ್ಟು, ಅದರ ಮ್ಯಾಲ ಕುಂಡಿ ಇಳಿಸು. ಬಸಿದ ನೀರಿನಾಗ ಬೇರು ಕೂಡಬಾರದು, ಕೊಳೀತದ. ವಾರಕ್ಕೊಮ್ಮೆ ಕುಂಡಿ ಎತ್ತಿ ತಳದ ನೀರು ಚೆಲ್ಲು, ಇಲ್ಲಂದ್ರ ಸೊಳ್ಳಿ ಸಾಕಿದಂಗಾಗ್ತದ."

"ಹೊರಗಿನ ಮಸಿ?"

"ಇರಲಿ ಬಿಡು. ಐವತ್ತು ವರ್ಷದ ನೀರೊಲಿ ಮಸಿ. ನಿಮ್ಮ ಬೆಂಗಳೂರಾಗ ಹಂಥಾ ಕಪ್ಪಿಗೆ ರೊಕ್ಕ ಕೊಡ್ತಾರ."

ಅದೊಂದು ಖರೆ ಮಾತು. ಹೊಸ ಕಪಾಟಿಗೆ ಬಣ್ಣ ಹೊಡೆದು, ಅದೇ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಅಲ್ಲಲ್ಲಿ ಕೆರೆದು, ಕೆರೆದದ್ದಕ್ಕೆ ಹೆಚ್ಚಿನ ದರ ಹಚ್ಚುವ ಕಾಲ ಇದು. ನಮ್ಮ ಪಡಸಾಲೆಯ ಬಾಗಿಲು ಯಾರ ಹಂಗಿಲ್ಲದೆ ತಾನೇ ಕಿತ್ತುಕೊಂಡು ನಿಂತಿದೆ, ಅದಕ್ಕೆ ಮರ್ಯಾದೆ ಇಲ್ಲ.

ಈ ಗದ್ದಲದಲ್ಲಿ ವೈನಿ ಸದ್ದಿಲ್ಲದೆ ಪಾನದಾನಿ ಎಳೆದುಕೊಂಡು ಅದರ ಮೇಲೆ ಹುಣಸೆ ಹಿಂಡುವುದರಲ್ಲಿದ್ದರು.

"ಬಟ್ಟಲ ಕೆಳಗಿಡ್ರಿ ವೈನಿ!" ಈ ಸಲ ಮೂವರೂ ಒಮ್ಮೆಲೇ.

"ಕರ್ರಗಾಗ್ಯದ ಅಂತ..."

"ಅದು ಕರ್ರಗಿರಬೇಕು! ಬಿದ್ರಿ ಅದು," ಮಾಸ್ತರು ಪಾನದಾನಿ ತೊಡೆಯ ಮೇಲೆ ಇಟ್ಟುಕೊಂಡರು, ಕೂಸಿನ ಹಾಗೆ. ಆಮೇಲೆ ಅರ್ಧ ಗಂಟೆ ಇಳಿಸಲಿಲ್ಲ. ಬಿದ್ರಿಯ ಮೈ ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರ ಹಾಕಿ ನಯ ಮಾಡಿ, ಮೈಲುತುತ್ತಿನ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ; ಕೊರೆದ ಗೆರೆ ಎದ್ದು ಕಾಣಲಿ ಅಂತ. ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿ, ತಗಡು ಬಡಿದು ಕೂರಿಸುತ್ತಾರೆ. ಮತ್ತೆ ತಿಕ್ಕಿದಾಗ ಎಲ್ಲ ಬಿಳಿ, ಬೆಳ್ಳಿ ಯಾವುದು ಸತು ಯಾವುದು ತಿಳಿಯುವುದಿಲ್ಲ. ಆಟ ಇರುವುದು ಕೊನೆಗೆ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕೂಡಿಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತು ಇದ್ದಿಲಿನ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಮಣ್ಣನ್ನು ಕಾರೀಗರರು ನಾಲಿಗೆಗೆ ಹಚ್ಚಿ ಆರಿಸುತ್ತಾರೆ.

"2006ರಾಗ ಬಿದ್ರಿಗೆ ಜಿಐ, ಅಂದ್ರ ಊರಿನ ಹೆಸರಿನ ಭೌಗೋಳಿಕ ಗುರುತು, ಬಂದದ. 2023ರಾಗ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ," ಅಂದರು ಮಾಸ್ತರು.

"ಪದ್ಮಶ್ರೀಗೆ ಹುಣಸಿ ಹಚ್ಚಾಕಿ ನಮ್ಮ ಸೊಸಿ," ಆಯಿ.

"ಹಂಗಾದ್ರ ಸ್ವಚ್ಛ ಮಾಡೋದೇ ಬ್ಯಾಡೇನು?"

"ಹುಣಸಿ, ನಿಂಬಿ, ಹಿತ್ತಾಳಿ ಪಾಲಿಶು, ಇದ್ಯಾವುದೂ ಬ್ಯಾಡ. ಹುಳಿ ತಾಕಿದ್ರ ಕಪ್ಪೇ ಹೋಗ್ತದ. ಹಳೇ ಪಂಜೆ ತುಂಡಿಗೆ ಎರಡು ಹನಿ ಕೊಬ್ಬರಿಎಣ್ಣಿ ಹಾಕಿ ಒರಸ್ರಿ, ಇನ್ನೊಂದು ಒಣಾ ತುಂಡಿಲೆ ಎಣ್ಣಿ ತಗೀರಿ. ವರ್ಷಕ್ಕ ಎರಡು ಮೂರು ಸಲ ಸಾಕು. ಕಪ್ಪೇ ಹೋಗಿದ್ರ ಮನ್ಯಾಗ ಕೈ ಹಾಕಬ್ಯಾಡ್ರಿ, ಬೀದರಿನ ಕಾರೀಗರರ ಹತ್ರ ಒಯ್ರಿ, ಅವರು ಮತ್ತ ಕಪ್ಪು ಏರಿಸಿ ಕೊಡ್ತಾರ. ಹೂದಾನಿ ಇದ್ರ ಒಳಗ ಸೀದಾ ನೀರು ಹಾಕಬ್ಯಾಡ್ರಿ, ಸತು ಬಿಳೀ ಹಿಟ್ಟು ಕಾರ್ತದ. ಗಾಜಿನ ನಳಿಗಿ ಇಟ್ಟು ಅದರಾಗ ನೀರು. ಮತ್ತ ಕೈ ಜಾರಿಸಬ್ಯಾಡ್ರಿ. ಹಿತ್ತಾಳಿ ಬಿದ್ರ ನಗ್ಗತದ, ಬಿದ್ರಿ ಬಿದ್ರ ಒಡೀತದ."

"ಬಿದ್ರಿ ಬಿದ್ರ," ಅಂತ ತಮ್ಮ ನಕ್ಕ. ಮಾಸ್ತರು ನಗಲಿಲ್ಲ. ಖರೇ ಬಿದ್ರಿಯ ಮೇಲೆ ಉಗುರು ಎಳೆದರೆ ಸಾಮಾನ್ಯವಾಗಿ ಬೆಳ್ಳಿಯ ಅಂಚು ತಡೆಯುವುದಿಲ್ಲ, ಮೈಗೆ ಮೈ ಸಮ ಇರುತ್ತದೆ. ಉಗುರಿಗೆ ಗೆರೆ ಉಬ್ಬಿ ಸಿಕ್ಕಿತೋ, ಅದು ಮೇಲೆ ಬಳಿದ ಬಣ್ಣ ಇರಬಹುದು. ಉಗುರು ಎಳೆದು ತೋರಿಸಲು ಮಾತ್ರ ಮಾಸ್ತರು ಯಾರಿಗೂ ಪಾನದಾನಿ ಕೊಡಲಿಲ್ಲ.

"ಇಡೋದೆಲ್ಲಿ?" ಅಂದರು ವೈನಿ.

"ಬೀದರ್ ಕೋಟ್ಯಾಗ ರಂಗೀನ್ ಮಹಲ್ ನೋಡ್ರಿ. ಕರೀ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸ್ಯಾರ. ದೀಪ ಇಲ್ಲದ ಕೋಣ್ಯಾಗೂ ಹೊರಗಿನ ಬೆಳಕು ಓರಿಯಾಗಿ ಬಿದ್ರ ಮಿಂಚತದ. ಕರೀದು ಹಿಂದ, ಹೊಳೆಯೋದು ಮುಂದ, ಬೆಳಕು ಮಗ್ಗಲಿಂದ. ಅದೇ ಲೆಕ್ಕ ಮನಿಗೂ. ಕರೀದು ಪಾನದಾನಿ ಮೈಯಾಗೇ ಅದ, ಅದು ಎದ್ದು ಕಾಣ್ಬೇಕಷ್ಟೇ. ಗೋಡ್ಯಾಗಿನ ಗೂಡಿಗೆ ಬಿಳೀ ಸುಣ್ಣ ಹೊಡದು, ಕಿಟಕಿ ಮಗ್ಗಲಿನ ಗೂಡಿನಾಗ ಇದೊಂದೇ ಪಾನದಾನಿ ಇಡ್ರಿ. ಅದರ ಜೋಡಿ ಪ್ಲಾಸ್ಟಿಕ್ ಹೂವು, ಗಡಿಯಾರ, ಸ್ಕೂಲಿನ ಕಪ್ಪು, ಯಾವುದೂ ಬ್ಯಾಡ."

ಗೂಡಿನ ಮಾತು ಬಂದದ್ದೇ ಮಾಮಾಗೆ ಗೋಡೆ ನೆನಪಾಯಿತು. ಮಣ್ಣು, ಗಚ್ಚಿನ ಹಳೇ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ಒಳಗಿನ ಪಸೆಗೆ ಹೊರದಾರಿ ಇಲ್ಲ. ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ. ಸುಣ್ಣವೇ ಸೈ. ಮೊಳೆಯನ್ನು ಸೀದಾ ಬಡಿದರೂ ಗಚ್ಚು ಗೋಡೆ ಬಿಟ್ಟು ಡಬ್ ಡಬ್ ಅನ್ನುತ್ತದೆ. ಅದಕ್ಕೆ ಉದ್ದಕ್ಕೆ ಒಂದು ಸಾಗವಾನಿ ಪಟ್ಟಿ, ಗಟ್ಟಿ ಕಲ್ಲು ಸಿಕ್ಕ ಮೂರೇ ಕಡೆ ಡ್ರಿಲ್ ಮಾಡಿ ಬಿಗಿದು, ಫೋಟೊ ಎಲ್ಲ ಆ ಪಟ್ಟಿಯಿಂದ ಇಳಿಬಿಡುವುದು. ಮುಂದೆ ಯಾರ ಫೋಟೊ ಎಲ್ಲಿಗೆ ಸರಿಯಬೇಕೆಂದು ಜಗಳ ಬಂದರೂ ಗೋಡೆಗೆ ಪೆಟ್ಟಿಲ್ಲ.

"ಎತ್ತರ ಎಷ್ಟಿರಬೇಕು?"

"ಫೋಟೊದ ನಟ್ಟನಡುವ ನೆಲದಿಂದ ನಾಲ್ಕೂಮುಕ್ಕಾಲು ಅಡಿಗೆ ಬರ್ಲಿ. ನಮ್ಮವರು ಮಾಳಿಗಿಗೆ ಹತ್ತಿಸಿ ಇಡ್ತಾರ, ಸತ್ತವರು ಸ್ವರ್ಗದಾಗ ಅದಾರ ಅಂತ. ಮೊದಲು ಪೇಪರ್ ಅದೇ ಅಳತಿಗೆ ಕತ್ತರಿಸಿ ಗೋಡಿಗೆ ಅಂಟಿಸಿ ನೋಡ್ರಿ."

ಗಾಜಿಗೆ ಅಂಟಿದ ಫೋಟೊವನ್ನು ಕೀಳಬಾರದು, ಮುಖದ ಚರ್ಮವೇ ಗಾಜಿನ ಜೊತೆ ಹೋಗುತ್ತದೆ. ಗಾಜಿನ ಸಮೇತ ನೆರಳಿನ ಬೆಳಕಿನಲ್ಲಿ ಒಂದು ಫೋಟೊ ಹೊಡೆದುಕೊಂಡು, ಮೂಲ ಹಾಗೇ ಬಿಡುವುದು. ಹೊಸದಕ್ಕೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ದಪ್ಪ ರಟ್ಟಿನ ಚೌಕಟ್ಟು ಕೇಳಬೇಕು.

ಬಾಗಿಲಿನ ವಿಷಯಕ್ಕೆ ಬಂದಾಗ ಮಾಮಾ ಸುಸಲಾದ ತಟ್ಟೆ ಬದಿಗಿಟ್ಟ. ಅಂದರೆ ವಿಷಯ ಗಂಭೀರ. "ಹಳೇ ಎಣ್ಣಿಬಣ್ಣದಾಗ ಸೀಸ ಇರ್ತದ. ಒಣಾ ಸ್ಯಾಂಡ್‌ಪೇಪರ್ ಹಚ್ಚಿ ಧೂಳ ಎಬ್ಬಿಸಬ್ಯಾಡ್ರಿ, ಮನ್ಯಾಗ ಸಣ್ಣ ಹುಡುಗರು ಅದಾವ. ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಮ್ಯಾಲ ಪಟ್ಟಿಲೆ ಕೆರೀರಿ. ಉಳದದ್ದು ನೀರು ಸಿಂಪಡಿಸಿ ತಿಕ್ಕ್ರಿ. ಕೆರದ ಪುಡಿ ಪೇಪರಿನಾಗ ಕಟ್ಟಿ ಒಗೀರಿ, ತುಳಸಿಕಟ್ಟಿಗೆ ಹಾಕಬ್ಯಾಡ್ರಿ. ಕಟ್ಟಿಗಿ ಪೂರಾ ಒಣಗಿದ ಮ್ಯಾಲ ಅಗಸಿ ಎಣ್ಣಿ."

"ಅಗಸಿ ಹಿಂಡಿ ಕುಟ್ಟೋ ಅಗಸಿ?" ಅಂದರು ವೈನಿ.

"ಅದೇ. ಎಣ್ಣಿ ಮಾತ್ರ ಹಾರ್ಡ್‌ವೇರ್ ಅಂಗಡೀದು. ಶೇಂಗಾ ಎಣ್ಣಿ ಹಚ್ಚಿದ್ರ ಯಾವತ್ತೂ ಒಣಗಂಗಿಲ್ಲ, ಅಂಟಂಟಾಗಿ ಧೂಳ ಹಿಡದು ಮುಗ್ಗ ನಾತ ಹೊಡೀತದ. ಅಗಸಿ ಎಣ್ಣಿ ಗಾಳಿ ಕುಡದು ಗಟ್ಟಿ ಆಗ್ತದ. ಮೊದಲ ಕೈಗೆ ಅರ್ಧ ಎಣ್ಣಿ, ಅರ್ಧ ಟರ್ಪಂಟೈನ್, ತೆಳ್ಳಗಿದ್ರ ಕಟ್ಟಿಗಿ ಒಳಗ ಇಳೀತದ. ಒಂದು ಬಾಗಿಲಿನ ಎರಡೂ ಮಗ್ಗಲಿಗೆ ಅರ್ಧ ಲೀಟರ್ ಹಿಡಿಬಹುದು. ಇಪ್ಪತ್ತು ನಿಮಿಷ ಬಿಟ್ಟು, ಕುಡೀದೇ ಉಳದದ್ದು ಪೂರಾ ಒರಸ್ರಿ. ಒರಸಲಿಲ್ಲಂದ್ರ ಯುಗಾದಿ ದಿನ ಬೀಗರ ಶರ್ಟು ಬಾಗಿಲಿಗೆ ಅಂಟತದ. ಎರಡು ಮೂರು ದಿನ ಬಿಟ್ಟು ಎರಡನೇ ಕೈ, ಮತ್ತ ಹಂಗೇ ಮೂರನೇದು."

"ಆಮ್ಯಾಲ ಒರಸಿದ ಅರಿವಿ ಮೂಲ್ಯಾಗ ಒಗದು ಮಲಗೋದು," ಅಂದ ತಮ್ಮ.

"ಹಂಗ ಮಾಡಿದ್ರ ಮಲಗಿದ ಮನಿನೇ ಸುಡ್ತದ! ಎಣ್ಣಿ ಗಾಳಿ ಕುಡೀವಾಗ ಬಿಸಿ ಹುಟ್ಟತದ. ಅರಿವಿ ಮುದ್ದಿಯಾಗಿ ಬಿದ್ರ ಆ ಬಿಸಿ ಹೊರಗ ಹೋಗಲಾರದ ತಾನಾಗೇ ಹೊತ್ಕೋತದ, ಬೆಂಕಿಕಡ್ಡಿ ಬೇಕಿಲ್ಲ. ಬಕೀಟಿನ ನೀರಾಗ ಮುಳುಗಿಸು, ಇಲ್ಲಾ ಅಂಗಳದ ಹಗ್ಗಕ್ಕ ಒಂದೊಂದೇ ಬಿಚ್ಚಿ ಹಾಕು."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಅಗಸಿ ಹಿಂಡಿಯ ಮೇಲಿನ ನಂಬಿಕೆ ಸ್ವಲ್ಪ ಅಲ್ಲಾಡಿತ್ತು.

ಸೀರೆಯ ಗಂಟು ಆಯಿಯ ಸ್ವತ್ತು. ಅದರ ಬಗ್ಗೆ ಬೇರೆಯವರು ಬಾಯಿ ಬಿಡುವ ಹಾಗಿಲ್ಲ. "ಕೌದಿಗೆ ನೂಲಿನ ಸೀರಿ ಬ್ಯಾರೆ, ಪಾಲಿಸ್ಟರ್ ಬ್ಯಾರೆ ಮಾಡ್ರಿ. ಕೂಡಿಸಿ ಹೊಲದ್ರ ತೊಳದಾಗ ಒಂದು ಕುಗ್ಗತದ, ಒಂದು ಕುಗ್ಗಂಗಿಲ್ಲ, ಕೌದಿ ಮುದುಕಿ ಮಾರಿ ಆಗ್ತದ. ನಾಕು ಪದರು ಹಾಸ್ರಿ. ಮೊದಲು ನಡುವಿಂದ ಹೊರಗ ಉದ್ದ ಉದ್ದ ಕಚ್ಚಾ ಟಾಕಿ, ಸುಕ್ಕೆಲ್ಲಾ ಅಂಚಿಗೆ ಹೋಗ್ಲಿ. ಆಮ್ಯಾಲ ಖರೇ ಹೊಲಿಗಿ ಅಂಚಿಂದ ಒಳಗ, ಸಾಲಿಗೂ ಸಾಲಿಗೂ ಒಂದು ಬೆರಳು. ಜೋಡಿ ದಾರ."

"ಗೋಡಿಗೆ ಮೊಳಿ ಹೊಡದು ತೂಗಹಾಕಿದ್ರ?" ತಮ್ಮ ಮತ್ತೆ ಮೊಬೈಲ್ ತೋರಿಸಿದ.

"ಮೊಳಿ ಇದ್ದಲ್ಲಿ ಹರೀತದ. ಹಿಂದ ಮ್ಯಾಲಿನ ಅಂಚಿಗೆ ಮೂರು ಬೆರಳಿನ ನ್ಯಾಫಾ ಹೊಲಿ, ಲಂಗದ ಗತಿ. ಅದರಾಗ ಬಿದಿರು ತೂರಿಸು, ಭಾರ ಹಂಚತದ. ಪಡುವಣ ಕಿಟಕಿ ಎದುರು ಬ್ಯಾಡ, ನಮ್ಮ ಬಿಸಿಲಿಗೆ ಒಂದೇ ಬ್ಯಾಸಗ್ಯಾಗ ಬಣ್ಣ ಹಾರ್ತದ." ಆಮೇಲೆ ಸ್ವಲ್ಪ ತಡೆದು, "ತೂಗಹಾಕೋದು ಯಾಕ? ಹೊದಿಯೋದಕ್ಕೇನಾಗ್ಯದ ನಿನಗ?" ಅಂದಳು.

ಅದಕ್ಕೆ ತಮ್ಮನ ಮೊಬೈಲಿನಲ್ಲಿ ಉತ್ತರ ಇರಲಿಲ್ಲ. ವೈನಿ ಹುಣಸೆ ಬಟ್ಟಲು ಹಿಡಿದು ಇನ್ನೂ ನಿಂತೇ ಇದ್ದರು. ಉಳಿದದ್ದು ಕುಸಿದ ಬೆತ್ತದ ಕುರ್ಚಿ. ಅದರ ಮೇಲೆ ಪಾನದಾನಿ ಸಮೇತ ಮಾಸ್ತರು.

"ಇದಕ್ಕರ ಹುಣಸಿ...?"

"ಬರೇ ಬಿಸಿನೀರು," ಅಂದ ಮಾಮಾ. "ಬೆತ್ತ ಹರದಿಲ್ಲ, ಜೋತಾಡ್ಯದ ಅಷ್ಟೇ. ಕುರ್ಚಿ ಬೋರಲ ಹಾಕಿ, ಅರಿವಿ ಬಿಸಿನೀರಾಗ ಅದ್ದಿ ಹೆಣಿಗಿ ಮ್ಯಾಲ ಅರ್ಧ ತಾಸು ಹಾಸಿ ಇಡ್ರಿ. ಕಟ್ಟಿಗಿಗೆ ನೀರು ತಾಗಬಾರದು. ರಾತ್ರಿ ನೆರಳಾಗ ಒಣಗಲಿ, ಮುಂಜಾನಿ ಹೆಣಿಗಿ ತಮಟಿ ಆಗಿರ್ತದ. ಒಣಗೋ ತನಕ ಯಾರೂ ಕೂಡಬಾರದು. ಏಳ್ರಿ ಮಾಸ್ತರ್."

"ನಾ ಎಲ್ಲಿ ಕೂಡ್ಲಿ?"

ವೈನಿ ಟ್ರಂಕಿನ ಮೇಲಿನ ಧೂಳು ಸೆರಗಿನಿಂದ ಒರೆಸಿ, ಮಾಸ್ತರ ಕೈಯಿಂದ ಪಾನದಾನಿ ತೆಗೆದುಕೊಂಡು, ಆ ಜಾಗಕ್ಕೆ ಹುಣಸೆಹಣ್ಣಿನ ಬಟ್ಟಲು ಕೊಟ್ಟರು. "ಇಲ್ಲಿ ಕೂಡ್ರಿ. ಎರಡು ಕೊಡ ಅವ. ಎರಡೇ ನಿಮಿಷ ತಿಕ್ಕಬೇಕು ಅಂತ ನೀವೇ ಹೇಳೀರಿ."