ಅಕ್ಕಾ, ಎಂಡೋಸ್ಕೋಪಿ ನಾರ್ಮಲ್ ಬಂದರೂ ನಿಮ್ಮ ಸಂಕಟ ಸುಳ್ಳಲ್ಲ

ಅಕ್ಕಾ, ನಿಮ್ಮ ಮೆಸೇಜ್ ಈಗ ಓದಿದೆ. ಎಂಟು ತಿಂಗಳಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಉಬ್ಬರ, ಉರಿ, ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ, ಇದು ಬ್ಯಾಕ್ಟೀರಿಯಾದ ಕೆಲಸ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ನಾರ್ಮಲ್ ಅಂದರೆ ಹುಣ್ಣು, ಗಡ್ಡೆ ಕಾಣಲಿಲ್ಲ ಅಂತ ಅಷ್ಟೇ. ನೀವು ಸುಮ್ನೆ ಊಹಿಸಿಕೊಳ್ಳುತ್ತಿದ್ದೀರಿ ಅಂತಲ್ಲ. ಇದಕ್ಕೆ ಫಂಕ್ಷನಲ್ ಡಿಸ್ಪೆಪ್ಸಿಯಾ, ಅಂದರೆ ಟೆಸ್ಟ್‌ನಲ್ಲಿ ಕಾರಣ ಕಾಣದ ಅಜೀರ್ಣ, ಅಂತ ಹೆಸರೇ ಇದೆ.

ಮೊದಲು ನೋಡಬೇಕಾದ್ದು ಹೆಚ್. ಪೈಲೋರಿ ಅನ್ನುವ ಜಠರದ ಬ್ಯಾಕ್ಟೀರಿಯಾ. ಹೊಟ್ಟೆಯ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದರು. ಕೆಲವೇ ದಿನಕ್ಕೆ ವಾಂತಿ, ಜಠರದಲ್ಲಿ ಉರಿಯೂತ! 2005ರಲ್ಲಿ ಅವರಿಗೂ, ಅವರ ಜೊತೆ ಇದನ್ನು ಕಂಡುಹಿಡಿದ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಜಠರದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು, ತನ್ನ ಸುತ್ತಲಿನ ಆಸಿಡ್ ಅನ್ನು ಸಪ್ಪೆ ಮಾಡುತ್ತದೆ. ಉಸಿರಿನ ಟೆಸ್ಟ್ ಹಿಡಿಯುವುದೂ ಇದೇ ಗುಟ್ಟನ್ನು.

ನನಗೂ ಆ ಟೆಸ್ಟ್ ಆಗಿದೆ. ಒಂದು ಚೀಲಕ್ಕೆ ಊದಿಸಿದರು, ಯೂರಿಯಾ ಬೆರೆಸಿದ ನೀರು ಕುಡಿಸಿದರು, ಅರ್ಧ ಗಂಟೆ ಬಿಟ್ಟು ಇನ್ನೊಂದು ಚೀಲಕ್ಕೆ ಊದಿಸಿದರು. ನೆಗೆಟಿವ್ ಬಂತು. ಆದರೆ ಗ್ಯಾಸ್ ಮಾತ್ರೆ ನುಂಗುತ್ತಲೇ ಹೋಗಿದ್ದೆ, ಯಾರೂ ಕೇಳಿರಲಿಲ್ಲ. ಪ್ಯಾಂಟೊಪ್ರಜೋಲ್ ಥರದ ಆಸಿಡ್ ತಗ್ಗಿಸುವ ಮಾತ್ರೆಯನ್ನು 2 ವಾರ, ಆಂಟಿಬಯಾಟಿಕ್ ಅನ್ನು 4 ವಾರ ಮೊದಲೇ ಬಿಡಬೇಕು. ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರಬಹುದು. ಎರಡನೇ ಸಲ ಪಾಸಿಟಿವ್ ಬಂತು. 14 ದಿನದ ಔಷಧಿ ಕೋರ್ಸ್ ಮುಗಿಸಿದ ಮೇಲೆ ನನಗೆ ನಿಧಾನವಾಗಿ ಹಗುರಾಯಿತು. ಎಲ್ಲರಿಗೂ ಹಾಗಾಗುವುದಿಲ್ಲ, ಅದನ್ನೂ ಹೇಳಬೇಕು. ಪೈಲೋರಿ ಹೋದರೂ ಅಜೀರ್ಣ ಉಳಿಯುವವರೇ ಜಾಸ್ತಿ.

ಅಂಥವರಲ್ಲಿ ಕೆಲವರಿಗೆ ಜಠರದ ಮುಂದಿನ ಸಣ್ಣ ಕರುಳಿನ ಶುರುವಿನಲ್ಲೇ ಸಣ್ಣ ಮಟ್ಟದ ಉರಿಯೂತ ಕಂಡಿದೆ. ಅಲ್ಲಿನ ಬ್ಯಾಕ್ಟೀರಿಯಾ ಏರುಪೇರಾಗಿದ್ದೇ ಕಾರಣವಾ ಅನ್ನುವುದು ಇನ್ನೂ ಖಚಿತವಾಗಿಲ್ಲ. ಹಾಗಾಗಿ ಮಲದಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆ ಅಂತ ನೋಡುವ ದುಬಾರಿ ಮೈಕ್ರೋಬಯೋಮ್ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಅದು ದೊಡ್ಡ ಕರುಳಿನ ಕಥೆಯನ್ನೇ ಜಾಸ್ತಿ ಹೇಳುತ್ತದೆ.

ತೂಕ ಇಳಿದರೆ, ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ಮಾತ್ರ ಒಂದು ದಿನವೂ ಕಾಯಬೇಡಿ. ಮಾತ್ರೆಯನ್ನೂ ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ. ಎಂಡೋಸ್ಕೋಪಿ ರಿಪೋರ್ಟ್ ಫೋಟೋ ನನಗೆ ಕಳಿಸಿ ಅಕ್ಕಾ. ಬಯಾಪ್ಸಿ, ಅಂದರೆ ಜಠರದ ಸಣ್ಣ ಚೂರು, ತೆಗೆದು ಪೈಲೋರಿ ನೋಡಿದ್ದಾರಾ ಅಂತ ಮೊದಲು ಹುಡುಕೋಣ.