ನಾಫ್ಟಾದಲ್ಲಿ ಬರೆದಿದ್ದರೂ ಮೆಕ್ಸಿಕೋ ಟ್ರಕ್‌ಗಳನ್ನು ಅಮೆರಿಕ ಒಳಗೆ ಬಿಡಲಿಲ್ಲ, ಇದು ನ್ಯಾಯವಾ?

ಗಡಿಬಿಡಿ ಗಣಪ:
ವ್ಯಾಪಾರ ಒಪ್ಪಂದಗಳ ಬಗ್ಗೆ ಓದುತ್ತಿದ್ದೆ, ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ಮಾಡಿಕೊಂಡ ನಾಫ್ಟಾ 1994ರ ಜನವರಿ 1ರಂದು ಜಾರಿಗೆ ಬಂತು. ಅದರ ಪ್ರಕಾರ 1995ರ ಡಿಸೆಂಬರ್‌ನಿಂದ ಮೆಕ್ಸಿಕೋ ಟ್ರಕ್‌ಗಳು ಗಡಿಯ ನಾಲ್ಕು ರಾಜ್ಯಗಳಿಗೆ (ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೋ, ಟೆಕ್ಸಸ್) ಸರಕು ತರಬಹುದಿತ್ತು, 2000ದಿಂದ ಇಡೀ ಅಮೆರಿಕಕ್ಕೆ. ದಿನ ಬಂದಾಗ ಕ್ಲಿಂಟನ್ ಸರ್ಕಾರ ಸುರಕ್ಷತೆಯ ಕಾರಣ ಕೊಟ್ಟು ತಡೆಯಿತು. ಕೆನಡಾದ ಟ್ರಕ್‌ಗಳು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದವು. ಸಹಿ ಹಾಕುವಾಗ ಸುರಕ್ಷತೆ ನೆನಪಾಗಲಿಲ್ವಾ? ದೊಡ್ಡವನು ಸಹಿ ಹಾಕಿ ಆಮೇಲೆ ಆಗಲ್ಲ ಅಂದರೆ ಚಿಕ್ಕವನು ಯಾರ ಹತ್ತಿರ ಹೋಗಬೇಕು? ಇನ್ನೊಂದು ಕಡೆ, ಅಮೆರಿಕದ ಡ್ರೈವರ್‌ಗಳ ಸಂಬಳದ ಭಯವೂ ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ಪೇಪರ್:
ಹೋಗಲು ಜಾಗ ಇತ್ತು, ಹೋದರು, ಗೆದ್ದರು ಕೂಡ. ನಾಫ್ಟಾದಲ್ಲೇ ಜಗಳ ಬಗೆಹರಿಸುವ ಪಂಚಾಯ್ತಿ ಇತ್ತು. ಐದು ಜನ, ಅದರಲ್ಲಿ ಇಬ್ಬರು ಅಮೆರಿಕದವರು. 2001ರ ಫೆಬ್ರವರಿಯಲ್ಲಿ ಐವರೂ ಒಮ್ಮತದಿಂದ ಅಮೆರಿಕದ್ದೇ ತಪ್ಪು ಎಂದರು. ಆ ತೀರ್ಪನ್ನು ಜನ ಅರ್ಧ ಮಾತ್ರ ಓದುತ್ತಾರೆ. ಮೆಕ್ಸಿಕೋದ ಒಂದೊಂದು ಕಂಪನಿಯ ಅರ್ಜಿಯನ್ನೂ ಬೇರೆ ಬೇರೆ ಪರೀಕ್ಷೆ ಮಾಡಿ, ಬೇಕಿದ್ದರೆ ಬಿಗಿ ನಿಯಮ ಹಾಕಿ, ಅದಕ್ಕೆ ನಮ್ಮ ಅಡ್ಡಿ ಇಲ್ಲ, ಆದರೆ ಇಡೀ ದೇಶದ ಟ್ರಕ್‌ಗಳನ್ನೇ ಒಟ್ಟಿಗೆ ಬೇಡ ಅನ್ನುವ ಹಾಗಿಲ್ಲ ಅಂದಿದ್ದರು. ನನಗೆ ಇದು ಬಹಳ ಸಮಂಜಸ ಅನ್ನಿಸಿತು.

ಆದರೆ ಆ ತೀರ್ಪನ್ನು ಜಾರಿ ಮಾಡಿಸಲು ಪೊಲೀಸ್ ಯಾರೂ ಇಲ್ಲ ಅಲ್ವಾ. ಅಮೆರಿಕದ ಸಂಸತ್ತು ಅದೇ ವರ್ಷ 22 ಷರತ್ತು ಹಾಕಿತು. ಆಮೇಲೆ ಪರಿಸರದ ಹೆಸರಲ್ಲಿ ಕೇಸು ನಡೆದು 2004ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಯಿತು. 2007ರಲ್ಲಿ ಕೊನೆಗೂ ಮೆಕ್ಸಿಕೋದ ಕೆಲವು ಕಂಪನಿಗಳ ಟ್ರಕ್‌ಗಳನ್ನು ಒಳಗೆ ಬಿಟ್ಟು ನೋಡುವ ಒಂದು ಪ್ರಯೋಗ ಶುರುವಾಯಿತು. 2009ರ ಮಾರ್ಚ್‌ನಲ್ಲಿ ಸಂಸತ್ತು ಅದಕ್ಕೆ ದುಡ್ಡೇ ನಿಲ್ಲಿಸಿತು.

ಆಗ ಮೆಕ್ಸಿಕೋ ಸುಂಕ ಹಾಕಿತು. ಸುಮಾರು 240 ಕೋಟಿ ಡಾಲರ್ ಮೌಲ್ಯದ ಅಮೆರಿಕದ ಮಾಲಿನ ಮೇಲೆ. ಫ್ರೆಂಚ್ ಫ್ರೈಸ್‌ಗೆ ಬಳಸುವ ಫ್ರೋಜನ್ ಆಲೂಗಡ್ಡೆ, ದ್ರಾಕ್ಷಿ, ಪೇರ್ ಹಣ್ಣು, ಕ್ರಿಸ್‌ಮಸ್ ಮರ ಎಲ್ಲಾ ಪಟ್ಟಿಯಲ್ಲಿತ್ತು. 2010ರಲ್ಲಿ ಪಟ್ಟಿ ಬದಲಿಸಿ ಹಂದಿ ಮಾಂಸ, ಚೀಸ್, ಸೇಬು ಸೇರಿಸಿದರು. ಆಲೂಗಡ್ಡೆ ಬೆಳೆದವನಿಗೂ ಟ್ರಕ್ ಜಗಳಕ್ಕೂ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಧ್ಯದಲ್ಲಿ ಕೆನಡಾದ ಆಲೂಗಡ್ಡೆಯವರು ಆ ಮಾರುಕಟ್ಟೆಗೆ ನುಗ್ಗಿದರು, ಅದು ಬೇರೆ ಕಥೆ. ಆದರೂ ಒಂದು ಮಾತು ಒಪ್ಪಲೇಬೇಕು, ತೀರ್ಪಿಗೆ ಬಗ್ಗದವರು ಬಗ್ಗಿದ್ದು ಈ ಸುಂಕಕ್ಕೆ. ರೈತರು, ಪ್ಯಾಕಿಂಗ್ ಕಂಪನಿಗಳು ತಮ್ಮ ಜನಪ್ರತಿನಿಧಿಗಳ ಬೆನ್ನು ಹತ್ತಿದರು. 2011ರ ಜುಲೈನಲ್ಲಿ ಎರಡೂ ದೇಶ ಹೊಸ ಒಡಂಬಡಿಕೆ ಮಾಡಿಕೊಂಡವು. ಸುಂಕ ಮೊದಲು ಅರ್ಧಕ್ಕೆ ಇಳಿಯಿತು, ಅಕ್ಟೋಬರ್‌ನಲ್ಲಿ ಹೊಸ ಪ್ರಯೋಗ ಶುರುವಾದ ಮೇಲೆ ಉಳಿದದ್ದೂ ಹೋಯಿತು.

ಸ್ಟೇರಿಂಗ್ ಹಿಂದೆ:
ಕಥೆ ಚೆನ್ನಾಗಿ ಹೇಳಿದಿರಿ, ಆದರೆ ಅಮೆರಿಕದ ಡ್ರೈವರ್‌ಗಳನ್ನು ಸುಮ್ನೆ ಖಳನಾಯಕರ ಹಾಗೆ ನೋಡಬೇಡಿ. ಸ್ವಂತ ಟ್ರಕ್ ಇಟ್ಟುಕೊಂಡು ಓಡಿಸುವವನು ಸಾಲದ ಕಂತು, ಡೀಸೆಲ್, ಇನ್ಶೂರೆನ್ಸ್, ಟೈರು ಎಲ್ಲಾ ತಾನೇ ಕಟ್ಟುತ್ತಾನೆ. ಮೈಲಿಗೆ ಕೆಲವು ಸೆಂಟ್ ಕಡಿಮೆಯಾದರೂ ಅವನ ತಿಂಗಳೇ ಮುಳುಗುತ್ತದೆ. ಪಕ್ಕದ ದೇಶದಿಂದ ಅವನ ಸಂಬಳಕ್ಕಿಂತ ಎಷ್ಟೋ ಕಡಿಮೆಗೆ ದುಡಿಯುವವನು ಅದೇ ರಸ್ತೆಗೆ ಬಂದರೆ ಹೆದರಿಕೆ ಆಗುವುದಿಲ್ವಾ? ಟೀಮ್‌ಸ್ಟರ್ಸ್ ಎಂಬ ಅವರ ಯೂನಿಯನ್ ವರ್ಷಗಟ್ಟಲೆ ಹೋರಾಡಿದ್ದು ಇದಕ್ಕೇ.

ನನ್ನ ತಕರಾರು ಏನೆಂದರೆ, ಇದನ್ನು ಬಾಯಿ ಬಿಟ್ಟು ಹೇಳದೆ ಬ್ರೇಕು, ಟೈರು ಅಂತ ಸುತ್ತಿ ಬಳಸಿ ಮಾತಾಡಿದರು. ಸಂಬಳದ ವಿಷಯ ಒಪ್ಪಂದದಲ್ಲಿ ಬರೆಯಲು ಆಗುವುದೇ ಇಲ್ಲ ಅನ್ನುವವರೂ ಇದ್ದಾರೆ. ಯಾಕಾಗಲ್ಲ? ನಾಫ್ಟಾ ಜಾಗಕ್ಕೆ 2020ರ ಜುಲೈ 1ರಂದು ಬಂದ ಯುಎಸ್‌ಎಂಸಿಎ ನೋಡಿ. ಸುಂಕ ಇಲ್ಲದೆ ಕಾರು ಮಾರಬೇಕಾದರೆ ಅದರ ಶೇಕಡಾ 40ರಷ್ಟು ಭಾಗ ಗಂಟೆಗೆ ಸರಾಸರಿ ಕನಿಷ್ಠ 16 ಡಾಲರ್ ಪಡೆಯುವ ಕಾರ್ಮಿಕರ ಕೈಯಲ್ಲಿ ಆಗಿರಬೇಕು ಎಂದು ಬರೆದಿದ್ದಾರೆ. ಕಾರು ಕಾರ್ಖಾನೆಗೆ ಆಗುವುದು ಆ ಕಾರನ್ನು ಹೊತ್ತು ತರುವವನಿಗೆ ಯಾಕೆ ಆಗಬಾರದು? ಮಾಲಿಗೆ ಗಡಿ ತೆರೆಯುವಾಗ ಎಲ್ಲರಿಗೂ ಆತುರ. ಹೊರುವವನ ಕೂಲಿ ಬಂದಾಗ ಎರಡೂ ದೇಶದವರು ಡ್ರೈವರ್‌ಗಳ ನಡುವೆಯೇ ಜಗಳ ಹಚ್ಚಿ ಕೈ ತೊಳೆದುಕೊಂಡರು.

ಪೇಪರ್ ವರ್ಕ್:
ನಾನು ಗಡಿ ದಾಟುವ ಸರಕಿನ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇವತ್ತಿಗೂ ಹೆಚ್ಚಿನ ಮಾಲು ಹೇಗೆ ದಾಟುತ್ತದೆ ಗೊತ್ತಾ? ಮೊಂಟೆರ್ರೇ ಕಡೆಯಿಂದ ಬಂದ ಟ್ರಕ್ ಮೆಕ್ಸಿಕೋ ಕಡೆಯ ಗಡಿ ಊರು ನುಯೆವೋ ಲರೇಡೋದಲ್ಲಿ ಟ್ರೇಲರ್ ಕಳಚಿ ನಿಲ್ಲಿಸುತ್ತದೆ. ಇನ್ನೊಂದು ಟ್ರಕ್, ಅಲ್ಲಿಯವರು ಟ್ರಾನ್ಸ್‌ಫರ್ ಅನ್ನುತ್ತಾರೆ, ಅದನ್ನು ಕಟ್ಟಿಕೊಂಡು ಸೇತುವೆ ದಾಟಿ ಅಮೆರಿಕದ ಕಡೆಯ ಲರೇಡೋದ ಯಾರ್ಡ್‌ಗೆ ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಮೂರನೆಯದು, ಅಮೆರಿಕದ್ದು. ಒಂದೇ ಟ್ರೇಲರ್‌ಗೆ ಮೂರು ಟ್ರಕ್, ಮೂವರು ಡ್ರೈವರ್. ಟ್ರಾನ್ಸ್‌ಫರ್ ಡ್ರೈವರ್ ಸೇತುವೆಯ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ, ಓಡಿಸುವ ದೂರ ಮಾತ್ರ ಬಹಳ ಕಡಿಮೆ. ಎಷ್ಟೋ ಸಲ ಖಾಲಿ ವಾಪಸ್. ಇಷ್ಟು ಸಣ್ಣ ಓಟಕ್ಕೆ ಹೊಸ ಗಾಡಿ ಯಾರು ಹಾಕುತ್ತಾರೆ? ಹಳೇ ಗಾಡಿಗಳೇ.

ಈಗ ಸುರಕ್ಷತೆಯ ಲೆಕ್ಕಕ್ಕೆ ಬನ್ನಿ. 2000ದಲ್ಲಿ ತಪಾಸಣೆಗೆ ಸಿಕ್ಕ ಮೆಕ್ಸಿಕೋ ಟ್ರಕ್‌ಗಳಲ್ಲಿ ಶೇಕಡಾ 36ರಷ್ಟನ್ನು ರಸ್ತೆಗೆ ಲಾಯಕ್ಕಿಲ್ಲ ಎಂದು ನಿಲ್ಲಿಸಿದ್ದರು, ಅಮೆರಿಕದವು ಶೇಕಡಾ 24. ಈ ಸಂಖ್ಯೆ ಹಿಡಿದುಕೊಂಡೇ ಎಲ್ಲರೂ ಕೂಗಾಡಿದರು. ಆದರೆ ಸಿಕ್ಕಿಬಿದ್ದವು ಹೆಚ್ಚಾಗಿ ಈ ಟ್ರಾನ್ಸ್‌ಫರ್ ಗಾಡಿಗಳೇ, ದೂರ ಓಡುವ ಒಳ್ಳೆಯ ಗಾಡಿಗಳು ಗಡಿ ದಾಟುತ್ತಲೇ ಇರಲಿಲ್ಲವಲ್ಲ! ಬಾಗಿಲು ಮುಚ್ಚಿದ್ದರಿಂದಲೇ ಹಳೇ ಗಾಡಿಗಳ ಸಾಲು ಬೆಳೆಯಿತು, ಆ ಸಾಲನ್ನು ತೋರಿಸಿಯೇ ಬಾಗಿಲು ಮುಚ್ಚಿಟ್ಟರು. (ಅಮೆರಿಕದ 24 ಕೂಡ ಹೆಮ್ಮೆ ಪಡುವಂಥ ಸಂಖ್ಯೆಯಲ್ಲ, ಅದನ್ನು ಯಾರೂ ಕೇಳುವುದಿಲ್ಲ ನೋಡಿ.)

ಈ ಪದ್ಧತಿ ಬದಲಾಗುವುದು ಬೇಡ ಅನ್ನುವವರು ಮೆಕ್ಸಿಕೋದಲ್ಲೂ ಇದ್ದಾರೆ, ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಮೂರು ಕೈ ಬದಲಾದರೆ ಮೂರು ಬಿಲ್ಲು. ಗಡಿ ಊರುಗಳ ಕಸ್ಟಮ್ಸ್ ಏಜೆಂಟರು, ಗೋದಾಮಿನವರು, ಟ್ರಾನ್ಸ್‌ಫರ್ ಮಾಲೀಕರು, ಎಲ್ಲರ ಹೊಟ್ಟೆಪಾಡು ಅದರಲ್ಲೇ ಇದೆ.

ಗಡಿಬಿಡಿ ಗಣಪ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 2011ರ ಪ್ರಯೋಗದಲ್ಲಿ ಬಾಗಿಲು ತೆರೆದಾಗ ಮೆಕ್ಸಿಕೋ ಟ್ರಕ್‌ಗಳು ಮುಗಿಬಿದ್ದಿರಬೇಕಲ್ಲ?

ಪೇಪರ್ ವರ್ಕ್:
ಇಲ್ಲ, ಅದೇ ತಮಾಷೆ. ಮೂರು ವರ್ಷದಲ್ಲಿ ಸೇರಿದ್ದು ಬರೀ 15 ಕಂಪನಿ. ಇಷ್ಟರಿಂದ ಸುರಕ್ಷತೆಯ ಬಗ್ಗೆ ಏನೂ ತೀರ್ಮಾನಿಸಲು ಬರುವುದಿಲ್ಲ ಎಂದು ಅಮೆರಿಕದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ವರದಿ ಕೊಟ್ಟಿತು. ಆದರೂ 2015ರಲ್ಲಿ ಎಲ್ಲಾ ಕಂಪನಿಗಳ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದರು.

ಬರದಿರಲು ಕಾರಣ ಸರಳ. ಮೆಕ್ಸಿಕೋದಿಂದ ಶಿಕಾಗೋಗೆ ಮಾಲು ತಂದವನು ವಾಪಸ್ ಹೋಗುವಾಗ ಮೆಕ್ಸಿಕೋಗೆ ಹೋಗುವ ಮಾಲನ್ನು ಮಾತ್ರ ಹಾಕಿಕೊಳ್ಳಬಹುದು. ಶಿಕಾಗೋದಲ್ಲಿ ಹತ್ತಿಸಿ ಡಲ್ಲಾಸ್‌ನಲ್ಲಿ ಇಳಿಸಿದರೆ ಅಪರಾಧ. ಆ ಕಡೆಯ ಲೋಡ್ ಸಿಗದಿದ್ದರೆ ಅಷ್ಟು ದೂರ ಖಾಲಿ ಓಡಿಸಬೇಕು. ಜೊತೆಗೆ ಅಮೆರಿಕದ ಇನ್ಶೂರೆನ್ಸ್, ಡ್ರೈವರ್‌ಗೆ ವೀಸಾ, ಇಂಗ್ಲಿಷ್ ಪರೀಕ್ಷೆ. ಇಂಗ್ಲಿಷ್ ನಿಯಮ ಹಳೆಯದು, ಅದನ್ನು ಬಿಗಿಯಾಗಿ ಜಾರಿ ಮಾಡಿ ಎಂದು 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆದೇಶ ಹೊರಡಿಸಿದರು. ಹೀಗಿರುವಾಗ ಮಾಲೀಕ ಲೆಕ್ಕ ಹಾಕಿ ಗಡಿಯಲ್ಲೇ ಕಳಚಿ ಬಿಡುವುದು ವಾಸಿ ಅಂದುಕೊಳ್ಳುತ್ತಾನೆ.

ಸ್ಟೇರಿಂಗ್ ಹಿಂದೆ:
ಅದು ಸರಿ. ಆದರೆ ದೇಶದೊಳಗಿನ ಲೋಡ್ ಹೊರಗಿನವರಿಗೆ ಕೊಡಬಾರದು ಅನ್ನುವ ನಿಯಮ ಮಾತ್ರ ಇರಲಿ ಎನ್ನುತ್ತೇನೆ. ಅದೂ ಹೋದರೆ ಉಳಿಯುವುದು ಏನು.

ಹಳೇ ಪೇಪರ್:
ಗಣಪ ಅವರೇ, ಹೊಸ ಒಪ್ಪಂದ ಯುಎಸ್‌ಎಂಸಿಎ ಓದುವುದಾದರೆ ಸೇವೆಗಳ ಬಗ್ಗೆ ಇರುವ 15ನೇ ಅಧ್ಯಾಯ ಮುಗಿಸಿ ಎಲ್ಲಾ ತಿಳಿಯಿತು ಅಂದುಕೊಳ್ಳಬೇಡಿ. ಟ್ರಕ್ ವಿಷಯ ಹಿಂದೆ ಎರಡನೇ ಅನುಬಂಧದಲ್ಲಿ ಕೂತಿದೆ. ಮೆಕ್ಸಿಕೋದವರ ದೂರ ಸಾಗಣೆಯಿಂದ ತನ್ನ ಕಂಪನಿಗಳಿಗೆ ಗಂಭೀರ ಹಾನಿ ಆಗುತ್ತಿದೆ ಅಥವಾ ಆಗುವ ಹಾಗಿದೆ ಎಂದು ಕಂಡುಬಂದರೆ ಅಮೆರಿಕ ಅದಕ್ಕೆ ಮಿತಿ ಹಾಕಬಹುದು ಎಂದು ಅಲ್ಲಿ ಬರೆದಿದೆ. ನಾಫ್ಟಾದಲ್ಲಿ ಹಕ್ಕು ಕೊಟ್ಟು ಆಮೇಲೆ ತಡೆದರು, ಸೋತರು. ಈ ಸಲ ತಡೆಯುವುದನ್ನೇ ಹಕ್ಕು ಮಾಡಿಕೊಂಡರು, ಮೆಕ್ಸಿಕೋ ಅದಕ್ಕೂ ಸಹಿ ಹಾಕಿತು. ಸಹಿ ಹಾಕದಿದ್ದರೆ ಕಾರು, ಟೊಮೆಟೊ, ಬಿಯರ್ ಎಲ್ಲದರ ದಾರಿಯೂ ಬಂದ್ ಆಗುವ ಭಯ ಇತ್ತಲ್ಲ. ಒಪ್ಪಂದ ಪಾಲಿಸಿದರೋ ಇಲ್ಲವೋ ಅನ್ನುವುದನ್ನು ಬಿಟ್ಟು, ಬರೆಯುವಾಗ ಮೇಜಿನ ಆ ಕಡೆ ಈ ಕಡೆ ಕೂತವರ ಬಲ ಎಷ್ಟಿತ್ತು ಎಂದು ಮೊದಲು ನೋಡಿ, ಆಮೇಲೆ ನ್ಯಾಯದ ಮಾತು ಆಡೋಣ.