ಒಂದೇ ಪಿಕಪ್‌ನ ಎಸ್ಕ್ವೈರ್ ಮಾದರಿಯ ಗಿಟಾರ್: ಮೂರನೆಯ ತಂತಿಯ ಶ್ರುತಿ, ಮಳೆಗಾಲದ ನೆಕ್ಕು, ಮೂರು ಸ್ಥಾನದ ಸ್ವಿಚ್

ಕಡಲೂರಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು. 1950ರ ದಶಕದ ಫೆಂಡರ್ ಎಸ್ಕ್ವೈರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಮಾದರಿಯಲ್ಲಿ ಈಚೆಗೆ ತಯಾರಾದ ಗಿಟಾರೊಂದನ್ನು ಈ ಬೇಸಿಗೆಯಲ್ಲಿ ಕೊಂಡಿದ್ದೇನೆ. ದೇಹದ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಬಳಿ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಸುರುಳಿ), ಬ್ರಿಡ್ಜಿನಲ್ಲಿ ತಂತಿಗಳು ಕೂರಲು ಎರಡೆರಡು ತಂತಿಗೆ ಒಂದರಂತೆ ಮೂರು ಹಿತ್ತಾಳೆ ಸ್ಯಾಡಲ್‌ಗಳು, ಮೇಪಲ್ ಮರದ ನೆಕ್ಕು (ಗಿಟಾರಿನ ಕತ್ತು), ಅದರ ಮೇಲೆ 7.25 ಇಂಚು ರೇಡಿಯಸ್‌ನಷ್ಟು ಉಬ್ಬಿದ, ಫ್ರೆಟ್ಟುಗಳೆಂಬ ಲೋಹದ ಅಡ್ಡಪಟ್ಟಿಗಳಿರುವ ಫ್ರೆಟ್‌ಬೋರ್ಡ್. ತಂತಿಗಳು 10–46ರ ಸೆಟ್ (ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ). ವಾದ್ಯದ ದನಿ ನನಗೆ ಬಹಳ ಹಿಡಿಸಿದೆ. ಇದನ್ನು ಚೆನ್ನಾಗಿ ಅರಿತು ಬಹುಕಾಲ ನುಡಿಸಬೇಕೆಂಬ ಆಸೆಯಿಂದ ಕೆಲವು ಸಂದೇಹಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾಲ್ಕನೆಯ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಟ್ಯೂನರ್‌ಗೆ ಸರಿಹೊಂದಿಸಿದರೆ, ಅದೇ ಸ್ಯಾಡಲ್ ಮೇಲೆ ಕುಳಿತಿರುವ ಮೂರನೆಯ ತಂತಿಯ ಶ್ರುತಿ ಏರಿಬಿಡುತ್ತದೆ. ಆರು ಸ್ಯಾಡಲ್‌ಗಳ ಹೊಸ ಬ್ರಿಡ್ಜ್ ಹಾಕಿಸುವುದೊಂದೇ ಇದಕ್ಕೆ ದಾರಿಯೇ? ಮಳೆ ಹಿಡಿದ ಮೇಲೆ ತಂತಿಗಳು ಫ್ರೆಟ್‌ಬೋರ್ಡಿನಿಂದ ಮೇಲೆದ್ದಂತೆ ಕಾಣುತ್ತಿದ್ದು, ನೆಕ್ಕಿನೊಳಗಿದ್ದು ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸೋಣವೆಂದರೆ ತಲೆಯ ಭಾಗದಲ್ಲಿ ಅದರ ನಟ್ಟೇ ಇಲ್ಲ. ಇನ್ನು, ಒಂದೇ ಪಿಕಪ್ ಇರುವ ಗಿಟಾರಿಗೆ ಮೂರು ಸ್ಥಾನದ ಸ್ವಿಚ್ ಏಕೆ? ಸ್ವಿಚ್ಚನ್ನು ನೆಕ್ಕಿನ ಕಡೆಗೆ ತಳ್ಳಿದಾಗ ದನಿ ಪೂರ್ತಿ ಮಂಕಾಗುವುದು ದೋಷವೇ? ತಂತಿ ಮುಟ್ಟಿದರೆ ಕಡಿಮೆಯಾಗುವ ಗುಂಯ್ ಎಂಬ ಸದ್ದೊಂದು ಆಂಪ್ಲಿಫೈಯರಿನಿಂದ ಸದಾ ಬರುತ್ತದೆ. ನೆಕ್ಕಿನ ಬಳಿ ಇನ್ನೊಂದು ಪಿಕಪ್ ಕೂಡಿಸಿದರೆ ಎಲ್ಲವೂ ಸರಿಹೋದೀತೆಂದು ಗೆಳೆಯರು ಹೇಳುತ್ತಾರೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮರಗೆಲಸ

ನಮಸ್ಕಾರ. ನಿಮ್ಮ ಮೊದಲ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಟ್ಟಿಗೇ ಉತ್ತರಿಸುತ್ತೇನೆ. ತಂತಿ ಫ್ರೆಟ್ಟಿನಿಂದ ಎಷ್ಟು ಮೇಲಿರುತ್ತದೋ ಒತ್ತುವಾಗ ಅಷ್ಟು ಹೆಚ್ಚು ಬಿಗಿಯುತ್ತದೆ, ಶ್ರುತಿಯೂ ಅಷ್ಟೇ ಏರುತ್ತದೆ. ಆದ್ದರಿಂದ ನೆಕ್ಕಿನ ಬಾಗು ಸರಿಹೋಗುವ ತನಕ ಸ್ಯಾಡಲ್‌ಗಳ ಗೊಡವೆಗೆ ಹೋಗಬೇಡಿ. ಹೊಸ ಬ್ರಿಡ್ಜಿನ ಯೋಚನೆಯನ್ನಂತೂ ಸದ್ಯಕ್ಕೆ ಬದಿಗಿಡಿ.

ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಪಟ್ಟಿ) ಹಾಕಿ, ಆರನೆಯ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ದಪ್ಪ ನಮೂದಿಸಿದ ತೆಳು ಲೋಹದ ಎಲೆಗಳಿಂದ) ಅಳೆಯಿರಿ. 7.25 ಇಂಚು ರೇಡಿಯಸ್‌ಗೆ ಸುಮಾರು 0.3 ಮಿ.ಮೀ. ಇದ್ದರೆ ಸರಿ. ತೇವ ಹೆಚ್ಚಿದಾಗ ನೆಕ್ಕು ಯಾವ ಕಡೆಗೆ ಎಷ್ಟು ಬಾಗುತ್ತದೆ ಎಂಬುದು ಆಯಾ ಮರದ ತುಂಡಿಗೆ ಬಿಟ್ಟದ್ದು, ಹಾಗಾಗಿ ಕಣ್ಣಂದಾಜನ್ನು ನಂಬದೆ ಅಳೆದೇ ಮುಂದುವರಿಯಿರಿ. ಲಿಯೋ ಫೆಂಡರ್ ಅವರ ಕಂಪನಿ 1950ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಎಸ್ಕ್ವೈರನ್ನು ಹೊರತಂದಾಗ ಮೊದಮೊದಲ ನೆಕ್ಕುಗಳಲ್ಲಿ ಟ್ರಸ್ ರಾಡೇ ಇರಲಿಲ್ಲ. ಗಟ್ಟಿ ಮೇಪಲ್ ಆದರೂ ತಂತಿಗಳ ಎಳೆತಕ್ಕೆ ಬಾಗತೊಡಗಿದ್ದರಿಂದ, ಹಿಂಬದಿಯಿಂದ ಕಾಲುವೆ ಕೊರೆದು ರಾಡ್ ಕೂರಿಸಿ ಅದನ್ನು ವಾಲ್ನಟ್ ಮರದ ಪಟ್ಟಿಯಿಂದ ಮುಚ್ಚುವ ಕ್ರಮ ಬಂತು. ನಿಮ್ಮ ನೆಕ್ಕಿನ ಬೆನ್ನಿನಲ್ಲಿ ಉದ್ದಕ್ಕೂ ಕಾಣುವ ಕಪ್ಪು ಗೆರೆ ಅದೇ ಆಗಿರಬೇಕು.

ಈ ಮಾದರಿಯಲ್ಲಿ ರಾಡಿನ ನಟ್ಟು ನೆಕ್ಕಿನ ಬುಡದಲ್ಲಿ, ದೇಹದೊಳಗೆ ಅಡಗಿರುತ್ತದೆ. ಕೇಪೋವನ್ನು ಮೊದಲ ಫ್ರೆಟ್ಟಿನಲ್ಲೇ ಬಿಟ್ಟು, ತಂತಿಗಳನ್ನು ಚೆನ್ನಾಗಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದರೆ ನೆಕ್ಕು ಕೈಗೆ ಬರುತ್ತದೆ. ಕೇಪೋ ಇರುವುದರಿಂದ ತಂತಿಗಳು ತಮ್ಮ ಸ್ಥಾನ ಬಿಟ್ಟು ಚೆಲ್ಲಾಪಿಲ್ಲಿಯಾಗುವುದಿಲ್ಲ. ಬುಡದಲ್ಲಿ ಪ್ಲಸ್ ಗುರುತಿನ ನಟ್ಟು ಕಾಣುತ್ತದೆ. ಅದರ ಗುಂಡಿಯಲ್ಲಿ ಭರ್ತಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಬಲಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ. ನೆಕ್ಕನ್ನು ಮತ್ತೆ ಕೂರಿಸಿ, ಶ್ರುತಿ ಮಾಡಿ, ಅಳೆಯಿರಿ. ಇದು ತಾಳ್ಮೆ ಬೇಡುವ ಕೆಲಸ, ಆದರೆ ಕಷ್ಟದ ಕೆಲಸವಲ್ಲ. ನಟ್ಟು ಬಿಗಿಯಾಗಿ ಪ್ರತಿರೋಧಿಸಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಗಿಟಾರ್ ರಿಪೇರಿ ಬಲ್ಲವರ ಬಳಿಗೆ ಒಯ್ಯಿರಿ.

ಆನಂತರ ತಂತಿಯ ಎತ್ತರ. ಹದಿನೇಳನೆಯ ಫ್ರೆಟ್ಟಿನಲ್ಲಿ ಆರನೆಯ ತಂತಿಗೆ 2 ಮಿ.ಮೀ., ಮೊದಲನೆಯದಕ್ಕೆ 1.6 ಮಿ.ಮೀ. ಇಟ್ಟುಕೊಳ್ಳಿ. ಇದಕ್ಕಿಂತ ಇಳಿಸುವ ಆಸೆ ಬೇಡ, 7.25 ಇಂಚಿನ ಉಬ್ಬು ಫ್ರೆಟ್‌ಬೋರ್ಡಿನಲ್ಲಿ ತೆಳು ತಂತಿಯನ್ನು ಬಾಗಿಸಿ ನುಡಿಸಿದಾಗ ಅದು ಮುಂದಿನ ಫ್ರೆಟ್ಟಿಗೆ ತಗುಲಿ ಸ್ವರ ಅಲ್ಲೇ ಸತ್ತುಹೋಗುತ್ತದೆ. ಸ್ಯಾಡಲ್‌ನ ಎರಡು ತುದಿಗಳಲ್ಲಿರುವ ಪುಟ್ಟ ಎತ್ತರದ ಸ್ಕ್ರೂಗಳೆರಡೂ ಕೆಳಗಿನ ಉಕ್ಕಿನ ತಟ್ಟೆಯ ಮೇಲೆ ಗಟ್ಟಿಯಾಗಿ ಊರಿರಬೇಕು. ಒಂದು ಗಾಳಿಯಲ್ಲಿದ್ದರೂ ಕಿರಿಕಿರಿಯ ಝೇಂಕಾರ ಹುಟ್ಟುತ್ತದೆ, ಅದರ ಮೂಲ ಹುಡುಕುವುದರಲ್ಲೇ ಅನೇಕರ ಸಂಜೆಗಳು ಕಳೆದುಹೋಗುತ್ತವೆ.

ಆರು_ತಂತಿ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಅಷ್ಟಾದರೂ ಮೂರನೆಯ ತಂತಿಯ ತೊಂದರೆ ಪೂರ್ತಿ ಹೋಗುವುದಿಲ್ಲವಾದ್ದರಿಂದ ಕಾರಣವನ್ನು ವಿವರಿಸುತ್ತೇನೆ. ಈ ಬ್ರಿಡ್ಜ್ ರೂಪುಗೊಂಡ ಕಾಲದಲ್ಲಿ ಗಿಟಾರ್ ಸೆಟ್‌ಗಳು ದಪ್ಪವಾಗಿದ್ದವು, ಮೂರನೆಯ ತಂತಿಗೂ ಮೇಲೆ ತೆಳು ಲೋಹದ ತಂತಿಯ ಸುತ್ತು ಇರುತ್ತಿತ್ತು. ಈಗಿನ 10–46 ಸೆಟ್‌ನಲ್ಲಿ ಅದು ಸುತ್ತಿಲ್ಲದ ಬರಿ ಉಕ್ಕಿನ ತಂತಿ. ಬರಿ ತಂತಿ ಅಷ್ಟು ದಪ್ಪವಾದಾಗ ಸ್ಯಾಡಲ್ ಹಿಂದೆ ಸರಿಯಬೇಕೆಂದು ಬೇಡುತ್ತದೆ. ಪಕ್ಕದ ಸುತ್ತಿನ ನಾಲ್ಕನೆಯ ತಂತಿ ಮುಂದೆ ಬರಬೇಕೆಂದು ಬೇಡುತ್ತದೆ. ಎರಡಕ್ಕೂ ಒಂದೇ ನೇರ ಕಂಬಿ ಇರುವಾಗ ಮಧ್ಯದಲ್ಲಿ ನಿಲ್ಲಿಸಿ, ನಾಲ್ಕನೆಯದು ಕೂದಲೆಳೆಯಷ್ಟು ಇಳಿದು ಮೂರನೆಯದು ಅಷ್ಟೇ ಏರಿರುವಂತೆ ಬಿಡುವುದು ವಾಡಿಕೆ.

ನನ್ನ ಅಭಿಪ್ರಾಯದಲ್ಲಿ ಇದನ್ನು ಪಾವಿತ್ರ್ಯದ ಪ್ರಶ್ನೆಯಾಗಿ ನೋಡಬೇಕಿಲ್ಲ. ಅದೇ ಬ್ರಿಡ್ಜಿಗೆ ಕೂರುವ, ತುಸು ಓರೆಯಾಗಿ ಕಡೆದ ಹಿತ್ತಾಳೆ ಸ್ಯಾಡಲ್‌ಗಳು ಸಿಗುತ್ತವೆ. ಒಂದು ರಂಧ್ರವನ್ನೂ ಹೊಸದಾಗಿ ಕೊರೆಯದೆ, ಹಳೆಯವನ್ನು ಜೋಪಾನವಾಗಿ ಎತ್ತಿಟ್ಟು, ಇವನ್ನು ಹಾಕಿದರೆ ಎರಡೆರಡು ತಂತಿ ಒಂದೇ ಹಿತ್ತಾಳೆಯನ್ನು ಒತ್ತುವುದರಿಂದ ಬರುವ ಆ ಗಟ್ಟಿ ದನಿಯೂ ಉಳಿಯುತ್ತದೆ, ಶ್ರುತಿಯೂ ಬಹುಪಾಲು ಸರಿಹೋಗುತ್ತದೆ. ಆರು ಸ್ಯಾಡಲ್‌ಗಳ ಬ್ರಿಡ್ಜಿಗಿಂತ ಮೊದಲು ಇದನ್ನು ಪ್ರಯತ್ನಿಸಿ ಎಂಬುದು ನನ್ನ ಸಲಹೆ. ತಂತಿಯನ್ನು ಹೆಚ್ಚು ಬಾಗಿಸದೆ ನುಡಿಸುವವರಾದರೆ ಸುತ್ತಿರುವ ಮೂರನೆಯ ತಂತಿಯ ಸೆಟ್ ಹಾಕಿ ನೋಡಿ, ಸ್ಯಾಡಲ್ ಬದಲಿಸುವ ಅಗತ್ಯವೇ ಬಾರದಿರಬಹುದು.

ಎರಡನೆಯ ಪಿಕಪ್ ಬಗ್ಗೆ: ದಯವಿಟ್ಟು ಅವಸರಿಸಬೇಡಿ. ಎರಡು ಪಿಕಪ್‌ಗಳಿರುವ ಫೆಂಡರ್ ಗಿಟಾರಾದ ಟೆಲಿಕಾಸ್ಟರ್‌ಗೂ ಎಸ್ಕ್ವೈರ್‌ಗೂ ದೇಹ ಒಂದೇ ಆಗಿದ್ದುದರಿಂದ ದೇಹದ ಮೇಲಿನ ತೆಳು ಹೊದಿಕೆಯಾದ ಪಿಕ್‌ಗಾರ್ಡಿನ ಕೆಳಗೆ ಅದಕ್ಕೆ ಕೊರೆದ ಗುಳಿ ನಿಮ್ಮ ಗಿಟಾರಿನಲ್ಲೂ ಇರಬಹುದು, ಕೂಡಿಸುವುದು ಸುಲಭವೂ ಹೌದು. ಆದರೆ ನೆಕ್ಕಿನ ಬಳಿ ತಂತಿ ಅಗಲವಾಗಿ ಕಂಪಿಸುತ್ತದೆ; ಅಲ್ಲಿನ ಪಿಕಪ್‌ನ ಅಯಸ್ಕಾಂತ ಅದನ್ನು ತನ್ನತ್ತ ಸೆಳೆಯುತ್ತದೆ. ಆ ಸೆಳೆತ ಇಲ್ಲದಿರುವುದೇ ಒಂದೇ ಪಿಕಪ್‌ನ ಗಿಟಾರಿನ ಸ್ವಚ್ಛ ನಾದಕ್ಕೆ ಒಂದು ಕಾರಣವೆಂದು ಅನೇಕ ವಾದಕರು ನಂಬುತ್ತಾರೆ, ನಾನೂ ನಂಬುತ್ತೇನೆ. ಅಮೆರಿಕದ ಗಾಯಕ ಜಾನಿ ಕ್ಯಾಶ್ ಅವರ ಜೊತೆಗಾರ ಲೂಥರ್ ಪರ್ಕಿನ್ಸ್ ಅವರ ಟಿಕ್‌ಟಿಕ್ ಎನ್ನುವ ತಂತಿನಾದವೂ ಬ್ರಿಟನ್ನಿನ ಯಾರ್ಡ್‌ಬರ್ಡ್ಸ್ ರಾಕ್ ತಂಡದಲ್ಲಿದ್ದಾಗ ಜೆಫ್ ಬೆಕ್ ಹೊರಡಿಸಿದ ಉರಿಯುವ ದನಿಯೂ ಎಸ್ಕ್ವೈರ್‌ನಿಂದಲೇ ಬಂದವು. ಪಿಕ್ ಹಿಡಿದ ಬಲಗೈಯನ್ನು ಬ್ರಿಡ್ಜಿನಿಂದ ಫ್ರೆಟ್‌ಬೋರ್ಡಿನ ಅಂಚಿನವರೆಗೆ ನಿಧಾನವಾಗಿ ಸರಿಸುತ್ತ ನುಡಿಸಿ ಕೇಳಿ. ಎರಡನೆಯ ಪಿಕಪ್ ಕೊಡುವುದರಲ್ಲಿ ಬಹಳಷ್ಟು ಅಲ್ಲೇ ಸಿಗುತ್ತದೆ.

ಬೆಸುಗೆಕಡ್ಡಿ

ಸ್ವಿಚ್ ಮತ್ತು ಗುಂಯ್ ಸದ್ದಿನ ಬಗ್ಗೆ ಬರೆಯುತ್ತೇನೆ. ನಿಮ್ಮ ಸ್ವಿಚ್ಚಿನಲ್ಲಿ ದೋಷವಿಲ್ಲ. ಹಿಂದಿನ, ಅಂದರೆ ಬ್ರಿಡ್ಜ್ ಕಡೆಯ, ಸ್ಥಾನದಲ್ಲಿ ಪಿಕಪ್‌ನ ಸಂಕೇತ ಟೋನ್ ನಿಯಂತ್ರಣವನ್ನು ಮುಟ್ಟದೆ ನೇರ ವಾಲ್ಯೂಮ್‌ಗೆ ಹೋಗುತ್ತದೆ. ಮಧ್ಯದ ಸ್ಥಾನದಲ್ಲಿ ವಾಲ್ಯೂಮ್, ಟೋನ್ ಎರಡೂ ಕೆಲಸ ಮಾಡುತ್ತವೆ. ನೆಕ್ಕಿನ ಕಡೆಯ ಸ್ಥಾನದಲ್ಲಿ ಒಂದು ಕೆಪಾಸಿಟರ್ ಏರುದನಿಗಳನ್ನೆಲ್ಲ ಸೋರಿಸಿ, ಬೇಸ್ ಗಿಟಾರಿನ ಛಾಯೆಯ ಮಂದ ದನಿಯನ್ನು ಕೊಡುತ್ತದೆ. ಅದು ಮೂಲ ವಿನ್ಯಾಸದಲ್ಲೇ ಬೇಕೆಂದು ಮಾಡಿದ್ದು. ಟೋನ್ ಗುಂಡಿಯನ್ನು 10ಕ್ಕೆ ತಿರುಗಿಸಿಟ್ಟರೂ ಗುಂಡಿಯ ಕೆಳಗಿನ 250 ಕಿಲೋಓಮ್‌ನ ಪೊಟೆನ್ಶಿಯೋಮೀಟರ್ (ಬದಲಾಯಿಸಬಲ್ಲ ರೋಧಕ) ಪಿಕಪ್ ಮೇಲೆ ಸ್ವಲ್ಪ ಭಾರ ಹೇರುತ್ತಲೇ ಇರುತ್ತದೆ. ಹಿಂದಿನ ಸ್ಥಾನದಲ್ಲಿ ಆ ಭಾರ ತಪ್ಪುವುದರಿಂದ ದನಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಹೀಗೆ ಒಂದು ಪಿಕಪ್‌ನಿಂದ ನಿಜಕ್ಕೂ ಮೂರು ದನಿಗಳು. ಮಂದ ಸ್ಥಾನ ನಿಮಗೆ ಉಪಯೋಗವಿಲ್ಲವೆನಿಸಿದರೆ, ತೀರಾ ಕಡಿಮೆ ಧಾರಣ ಸಾಮರ್ಥ್ಯದ ಕೆಪಾಸಿಟರನ್ನು ಅಲ್ಲಿ ಬೆಸೆದು, ಅರ್ಧ ಒತ್ತಿದ ವಾ ಪೆಡಲಿನಂಥ (ಕಾಲಿನಿಂದ ದನಿಯ ಛಾಯೆ ಬದಲಿಸುವ ಸಾಧನ) ಮೂಗುದನಿ ಪಡೆಯುವವರೂ ಇದ್ದಾರೆ.

ಒಂದೇ ಸುರುಳಿಯ ಪಿಕಪ್ ಮನೆಯ 50 ಹರ್ಟ್ಜ್ ವಿದ್ಯುತ್ತಿನ ಸದ್ದನ್ನು ಹಿಡಿದೇ ಹಿಡಿಯುತ್ತದೆ. ಎರಡು ಪಿಕಪ್‌ಗಳಿದ್ದು ಅವುಗಳ ಸುತ್ತು ಮತ್ತು ಅಯಸ್ಕಾಂತದ ದಿಕ್ಕು ಪರಸ್ಪರ ವಿರುದ್ಧವಾಗಿದ್ದರೆ ಮಾತ್ರ, ಅದೂ ಎರಡನ್ನೂ ಕೂಡಿಸಿ ನುಡಿಸುವಾಗ ಮಾತ್ರ, ಅದು ಅಳಿಯುತ್ತದೆ. ಕುಳಿತ ಜಾಗದಲ್ಲೇ ನಿಧಾನವಾಗಿ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಎದ್ದುಕಾಣುವಷ್ಟು ಇಳಿಯುತ್ತದೆ. ಲೈಟ್ ಡಿಮ್ಮರ್, ಫೋನ್ ಚಾರ್ಜರ್‌ಗಳಿಂದ ದೂರವಿರಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ತಂತಿಗಳಿಗೆ ಗ್ರೌಂಡ್ ಸಂಪರ್ಕ ಸರಿಯಿದೆ ಎಂಬುದರ ಗುರುತು. ಆ ಸಂಪರ್ಕದಿಂದಾಗಿಯೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಆಂಪ್ಲಿಫೈಯರನ್ನು ಅರ್ಥಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟಿಗೇ ಸೇರಿಸಿ. ಎರಡು ಪಿನ್ನಿನ ಅಡಾಪ್ಟರ್ ಬೇಡವೇ ಬೇಡ. ಮನೆಯ ಅರ್ಥಿಂಗ್ ಬಗ್ಗೆ ಸಂಶಯವಿದ್ದರೆ, ಗಿಟಾರಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ.

ಕಡಲೂರಿಗ

ಮೂವರಿಗೂ ಕೃತಜ್ಞತೆಗಳು. ಅಳೆದಾಗ ನೆಕ್ಕಿನ ಬಾಗು 0.5 ಮಿ.ಮೀ. ಇತ್ತು. ಹೇಳಿದಂತೆ ನೆಕ್ಕು ಬಿಚ್ಚಿ 0.3ಕ್ಕೆ ತಂದು ಎತ್ತರವನ್ನೂ ಸರಿಪಡಿಸಿದ ಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ವ್ಯತ್ಯಾಸ ಸಾಕಷ್ಟು ತಗ್ಗಿದೆ. ಆದರೆ ಮೊದಲ ಮೂರು ಫ್ರೆಟ್ಟುಗಳಲ್ಲಿ ನುಡಿಸುವ ಕಾರ್ಡ್‌ಗಳಲ್ಲಿ ಮೂರನೆಯ ತಂತಿ ಇನ್ನೂ ಏರಿಯೇ ಕೇಳಿಸುತ್ತದೆ. ಇದಕ್ಕೂ ಸ್ಯಾಡಲ್ ಕಾರಣವೇ?

ಮರಗೆಲಸ

ಅಲ್ಲ, ಅದು ತಲೆಯ ಕಡೆಯ ನಟ್ಟಿನ (ರಾಡಿನ ನಟ್ಟಲ್ಲ, ತಂತಿಗಳು ಹಾದುಹೋಗುವ ತೋಡುಗಳಿರುವ ಪಟ್ಟಿ) ತೋಡಿನ ಎತ್ತರದ್ದು. ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಬೆರಳಿನಿಂದ ತಟ್ಟಿದಾಗ ತಂತಿ ಫ್ರೆಟ್ಟಿಗೆ ತಾಗುವ ಸದ್ದು ಕೇಳುವಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಸಂದಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಆ ತೋಡನ್ನು ತಂತಿಯ ದಪ್ಪಕ್ಕೆ ತಕ್ಕ ಅರದಿಂದ ತಲೆಯ ಕಡೆಗೆ ಇಳಿಜಾರಾಗಿ ತುಸುತುಸುವೇ ಆಳ ಮಾಡಬೇಕು. ಹೆಚ್ಚು ಉಜ್ಜಿದರೆ ಒತ್ತದೆ ನುಡಿಸಿದ ತಂತಿ ಫ್ರೆಟ್ಟಿಗೆ ಬಡಿಯುತ್ತದೆ, ನಟ್ಟನ್ನೇ ಬದಲಿಸಬೇಕಾಗುತ್ತದೆ. ಸರಿಯಾದ ಅರ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಅನುಭವಿಗಳಿಂದ ಮಾಡಿಸಿ. ಮಳೆಗಾಲ ಮುಗಿದು ಮರ ಒಣಗಿದ ಮೇಲೆ ಬಾಗನ್ನು ಮತ್ತೊಮ್ಮೆ ಅಳೆಯಿರಿ, ಆಗ ರಾಡನ್ನು ಸ್ವಲ್ಪ ಸಡಿಲಿಸಬೇಕಾಗಿ ಬರಬಹುದು. ಅಲ್ಲಿಯವರೆಗೆ ನುಡಿಸಿದ ಮೇಲೆ ತಂತಿಗಳನ್ನೂ ಸ್ಯಾಡಲ್‌ನ ಸ್ಕ್ರೂಗಳನ್ನೂ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪೆಟ್ಟಿಗೆಯಲ್ಲಿಡಿ. ಕರಾವಳಿಯ ಗಾಳಿಗೆ ಆ ಪುಟ್ಟ ಉಕ್ಕಿನ ಸ್ಕ್ರೂಗಳೇ ಮೊದಲು ತುಕ್ಕು ಹಿಡಿಯುತ್ತವೆ.